ಹಸಿರಾದ ನೀಲಿ ಹೊದಿಕೆ

ಲೈಸ್ಬೆತ್ ನಮ್ಮ ಮನೆಗೆ ಬಂದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ನನ್ನ ಜೊತೆಗಿದ್ದ ಆಲೈಡಿಸ್ ಕೂರು ಅಂದರೂ ಅವಳು ಕೂರಲಿಲ್ಲ.

"ನಾಳೆ ಚಿತ್ರಗಾರರ ಸಂಘದೋರು ನನ್ನ ಮುದ್ರೆ ಕಿತ್ಕೋತಾರೆ, ಆಲೈಡಿಸ್ ಅಕ್ಕ. ಆಮೇಲೆ ಬ್ರೂಜ್‌ನಲ್ಲಿ ನಾನು ಕುಂಚ ಮುಟ್ಟೋ ಹಾಗಿಲ್ಲ."

ಪ್ರಾರ್ಥನಾ ಪುಸ್ತಕಗಳಿಗೆ ಚಿತ್ರ ಬರೆಯುವವರು ತಮ್ಮ ಮುದ್ರೆ ಒತ್ತದೆ ಒಂದು ಹಾಳೆಯನ್ನೂ ಮಾರುವಂತಿರಲಿಲ್ಲ. ಮುದ್ರೆ ಹೋದರೆ ಅವಳಿಗೆ ಉಳಿಯುವುದು ಕಾಲುವೆಯಲ್ಲಿ ಬಟ್ಟೆ ಒಗೆಯುವ ಕೆಲಸ.

ಸಂಗತಿ ಇಷ್ಟು. ಬಟ್ಟೆ ವ್ಯಾಪಾರಿ ಪವೆಲ್ಸ್ ತನ್ನ ಹೆಂಡತಿ ಯೊಸೈನಳಿಗೆಂದು ಯಜಮಾನ ರೋಲಂಟ್‌ನ ಅಂಗಡಿಯಲ್ಲಿ ಪುಸ್ತಕ ಮಾಡಿಸಿದ್ದ. ಅದರಲ್ಲಿ ಮಗುವನ್ನೆತ್ತಿಕೊಂಡ ಮಾತೆ ಮರಿಯಳ ಚಿತ್ರ ಬರೆದವಳು ಲೈಸ್ಬೆತ್. ಈಗ, ಚಳಿಗಾಲಕ್ಕೆ ಮೊದಲೇ, ಮಾತೆಯ ನೀಲಿ ಹೊದಿಕೆ ಹಸಿರಾಗಿತ್ತು. ಸಮುದ್ರದಾಚೆಯಿಂದ ಬರುವ ಕಲ್ಲಿನ ನೀಲಿ ಚಿನ್ನದಷ್ಟೇ ತುಟ್ಟಿ. ಅದು ಬಣ್ಣ ಬದಲಿಸುವುದಿಲ್ಲ. ತಾಮ್ರದ ಅಗ್ಗದ ನೀಲಿ ಮಾತ್ರ ತೇವಕ್ಕೆ ಹಸಿರಾಗುತ್ತದೆ.

"ಒಳ್ಳೆ ನೀಲಿ ಕೊಟ್ಟಿದ್ದೆ, ಹುಡುಗಿ ಅದನ್ನ ಮಾರ್ಕೊಂಡು ಅಗ್ಗದ್ದು ಬಳಿದಿದಾಳೆ ಅಂತಾರೆ ರೋಲಂಟ್. ಅವರೇ ಸಂಘದ ಹಿರಿಯರ ಜೊತೆ ಕೂರೋರು. ನನ್ನ ಮಾತು ಯಾರು ಕೇಳ್ತಾರೆ?"

"ನೀನು ಬಳಿದದ್ದು ಯಾವುದು?"

"ಅವರು ಕೊಟ್ಟ ಒಳ್ಳೇದೇ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸ ಶುರುವಾಗೋ ಮೊದಲು ಪುಸ್ತಕ ಪವೆಲ್ಸ್ ಮನೆ ಸೇರ್ತು. ಆಗಲೇ ನಾನು ಗೆಂಟ್ ಪಟ್ಟಣಕ್ಕೆ ಕೆಲಸಕ್ಕೆ ಹೋದೆ. ವಾಪಸ್ ಬಂದದ್ದು ಬೇಸಿಗೆ ಮುಗಿದ ಮೇಲೆ."

ಆಲೈಡಿಸ್ ಮೇಲಂಗಿ ಹಾಕಿಕೊಂಡಳು. ಅವಳೂ ಹೈಲೆ ಎಂಬ ನಾನೂ ಬೆಗೀನರು, ಮಠದ ಪ್ರತಿಜ್ಞೆಯಿಲ್ಲದೆ, ಗಂಡಸರ ಹಂಗಿಲ್ಲದೆ ಒಂದೇ ಅಂಗಳದ ಮನೆಗಳಲ್ಲಿ ಬಾಳುವ ಹೆಂಗಸರು. ಊರಿನಲ್ಲಿ ಏನು ಕಳುವಾದರೂ ಜನ ನ್ಯಾಯಾಧಿಕಾರಿಗಿಂತ ಮೊದಲು ಆಲೈಡಿಸ್‌ಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳಿಗೆ ತಾಳ್ಮೆ ಕಡಿಮೆ, ಕಣ್ಣು ಚುರುಕು.

ಪವೆಲ್ಸ್ ಮನೆಯಲ್ಲಿ ಅವಳು ಆ ಹಾಳೆಯನ್ನು ಕಿಟಕಿಗೆ ಹಿಡಿದು ನನಗೂ ತೋರಿಸಿದಳು. ಹೊದಿಕೆಯ ಮೇಲೆ ಪಾಚಿ ಕಟ್ಟಿದಂತಹ ಹಸಿರು, ಆದರೆ ಎಲ್ಲೂ ಬಿರುಕಿಲ್ಲದೆ ನಯವಾಗಿತ್ತು. ತಲೆಯ ಸುತ್ತಲಿನ ಚಿನ್ನದ ಪ್ರಭೆಗೆ ತಾಗಿಕೊಂಡು ಕೂದಲೆಳೆಯಷ್ಟು ಗೆರೆ ಮಾತ್ರ ಇನ್ನೂ ಅಚ್ಚ ನೀಲಿ. ಕೆಳಗೆ, ಹೊದಿಕೆಯ ಚಿನ್ನದ ಅಂಚು ಒಂದು ಕಡೆ ಪೂರ್ತಿ ಅಳಿಸಿ, ಹಸಿರು ಬಣ್ಣ ಅಲ್ಲಿ ಬರಿಯ ಚರ್ಮದ ಹಾಳೆಯ ಮೇಲೆ ಕೂತಿತ್ತು. ಪಕ್ಕದಲ್ಲಿ ಮಗುವಿನ ಕಾಲಿಗೆ ಬೆರಳುಗಳೇ ಇರಲಿಲ್ಲ, ಉಜ್ಜಿಹೋಗಿದ್ದವು.

"ಈ ಪುಸ್ತಕ ಮನೆಯಿಂದ ಹೊರಗೆ ಹೋಗಿತ್ತಾ?"

"ಒಂದೇ ಸಲ," ಅಂದ ಪವೆಲ್ಸ್. "ಈಸ್ಟರ್ ಆದ್ಮೇಲೆ ಪುಸ್ತಕ ಮುಚ್ಚೋ ಕೊಂಡಿ ಮುರೀತು. ರಿಪೇರಿಗೆ ರೋಲಂಟ್ ಹತ್ರ ಇತ್ತು."

"ವಾಪಸ್ ಬಂದಾಗ ಏನಾದ್ರೂ ಬದಲಾವಣೆ ಕಂಡಿತಾ, ಅಮ್ಮಾವ್ರೆ?"

ಯೊಸೈನಳ ಕಿವಿ ಕೆಂಪಾಯಿತು. "ಏನೂ ಇಲ್ಲ."

"ಅವಳನ್ನೇನ್ ಕೇಳ್ತೀರಿ?" ಪವೆಲ್ಸ್ ನಕ್ಕ. "ಅಷ್ಟು ದುಬಾರಿ ಪುಸ್ತಕ, ಬೆರಳು ತಾಗಿಸ್ಬೇಡ ಅಂದಿದೀನಿ. ದೂರದಿಂದ ನೋಡಿ ಕೈ ಮುಗೀತಾಳೆ."

ಬೀದಿಗೆ ಬಂದ ಕೂಡಲೇ ಆಲೈಡಿಸ್ ಒಂದು ಖಾಲಿ ಬಕೆಟ್ಟನ್ನು ಒದ್ದಳು. "ಸುಳ್ಳು ಹೇಳ್ತಿದಾಳೆ ಕಣೇ ಹೈಲೆ! ಯಾರನ್ನ ಉಳಿಸೋಕೆ? ರೋಲಂಟ್ ಅವಳಿಗೇನು ಮಾವನಾ, ಭಾವನಾ?"

ರೋಲಂಟ್‌ನ ಅಂಗಡಿಯಲ್ಲಿ ಆದದ್ದು ಇದಕ್ಕಿಂತ ಕಡೆ. "ಏನಮ್ಮ, ಸಾರು ಕುದಿಸೋದು ಬಿಟ್ಟು ಬಣ್ಣ ಕುದಿಸೋಕೆ ಬಂದ್ರಾ?" ಎಂದು ಕೆಲಸದವರೆದುರಿಗೇ ನಗಾಡಿದ. ಅಳಿಸಿದ ಚಿನ್ನದ ಬಗ್ಗೆ ಕೇಳಿದ್ದಕ್ಕೆ, "ಅವಳು ಅಂಟಿಸಿದ್ದೇ ಸರಿಯಿಲ್ಲ. ಬಣ್ಣ ಬಳಿಯೋಕೆ ಮೊದಲೇ ಉದುರಿತ್ತು," ಅಂದ. ಅಲ್ಲಿಂದ ಸಂಘದ ಕಚೇರಿಗೆ ಹೋದೆವು. ಹಿರಿಯ ಊಟಕ್ಕೆ ಹೋಗಿದ್ದ, ಕಾದೆವು. ಬಂದವನು, ನಾಳೆ ಹೇಳಿ ಅಂದ. ದಾರಿಯುದ್ದಕ್ಕೂ ಆಲೈಡಿಸ್ ಹಲ್ಲು ಕಡಿಯುತ್ತಿದ್ದಳು.

ಮರುದಿನ ಸಂಘದ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಸೇರಿದರು. ಪುಸ್ತಕ ಮೇಜಿನ ಮೇಲಿತ್ತು. ಪಕ್ಕದಲ್ಲಿ ಲೈಸ್ಬೆತ್‌ಳ ಮುದ್ರೆ.

"ನೀವೆಲ್ಲ ಕಸುಬಿನೋರು," ಆಲೈಡಿಸ್ ಶುರುಮಾಡಿದಳು. "ಚಿನ್ನ ಮೊದಲು, ಬಣ್ಣ ಆಮೇಲೆ. ಬಣ್ಣ ಚಿನ್ನದ ಅಂಚಿನ ಮೇಲೆ ಕೂತಿರಬೇಕು. ಇಲ್ಲಿ ಚಿನ್ನ ಹೋಗಿ ಬರಿದಾದ ಜಾಗದ ಮೇಲೆ ಬಣ್ಣ ಇದೆ. ಅಂದ್ರೆ ಈ ಬಣ್ಣ ಚಿನ್ನ ಅಳಿಸಿದ ಮೇಲೆ ಬಂದದ್ದು."

"ಚಿನ್ನ ನನ್ನ ಅಂಗಡೀಲೇ ಉದುರಿತ್ತು ಅಂತ ಹೇಳಿದ್ನಲ್ಲ," ಅಂದ ರೋಲಂಟ್.

"ಮಗುವಿನ ಕಾಲ್ಬೆರಳೂ ಉದುರಿತ್ತಾ? ಮೈಬಣ್ಣ ಬಳಿಯೋದು ಎಲ್ಲಕ್ಕಿಂತ ಕೊನೆಗೆ. ಬೆರಳಿಲ್ಲದ ಯೇಸುವನ್ನ ಗಿರಾಕಿಗೆ ಕಳಿಸಿದ್ರಾ, ಯಜಮಾನ್ರೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಚಿನ್ನ, ಬೆರಳು ಎರಡನ್ನೂ ಅಳಿಸಿದ್ದು ತುಟಿ. ಪ್ರಾರ್ಥನೆ ಮಾಡೋರು ಚಿತ್ರಕ್ಕೆ ಮುತ್ತಿಡ್ತಾರೆ. ಅದು ಪುಸ್ತಕ ಮನೆಗೆ ಹೋದ ಮೇಲೆ ಆಗೋ ಕೆಲಸ. ಹಾಗಾದ್ರೆ ಹೊದಿಕೆ ಮಾತ್ರ ಯಾಕೆ ಸವೆದಿಲ್ಲ?"

"ನನ್ನ ಹೆಂಡತಿ ಅದನ್ನ ಮುಟ್ಟೋದೇ ಇಲ್ಲ!" ಪವೆಲ್ಸ್ ಕೂಗಿದ.

ಯೊಸೈನ ತಲೆ ಎತ್ತಲಿಲ್ಲ. ಹಿರಿಯ ಕೆಮ್ಮಿ, ಮುದ್ರೆಯತ್ತ ಕೈ ಚಾಚಿದ.

"ಅಯ್ಯೋ, ಬಾಯಿ ಬಿಡಿ ಅಮ್ಮಾವ್ರೆ!" ಆಲೈಡಿಸ್‌ಳ ದನಿ ಒಡೆಯಿತು. "ನಿಮ್ಮ ಒಂದು ಮಾತಿಗೆ ಈ ಹುಡುಗಿಯ ಅನ್ನ ನಿಂತಿದೆ!"

ಯೊಸೈನ ಲೈಸ್ಬೆತ್‌ಳನ್ನು ನೋಡಿದಳು. ಆಮೇಲೆ ಗಂಡನ ಕಡೆ ತಿರುಗದೆ ಹೇಳಿದಳು. "ಮಗು ಬೇಕು ಅಂತ ದಿನಾ ಬೆಳಿಗ್ಗೆ ಮುತ್ತಿಡ್ತಿದ್ದೆ. ಹೊದಿಕೆಯ ಬಣ್ಣ ಸವೆದು ಹಾಳೆ ಕಾಣ್ತಿತ್ತು. ಇವರು ಬೈತಾರೆ ಅಂತ ಹೇಳಲಿಲ್ಲ. ಕೊಂಡಿ ಹಾಕಿಸ್ಕೊಂಡು ಬಂದಾಗ ಹೊದಿಕೆ ಹೊಸದಾಗಿತ್ತು. ಮಾತೆ ತಾನೇ ಸರಿಮಾಡ್ಕೊಂಡಿದಾಳೆ, ನನ್ನ ಮಾತು ಕೇಳಿಸ್ಕೊಂಡಿದಾಳೆ ಅಂದ್ಕೊಂಡೆ. ಹೇಳಿದ್ರೆ ಪವಾಡ ಕೆಡುತ್ತೆ ಅಂತ ಸುಮ್ಮನಿದ್ದೆ."

"ಮಾತೆ ಸರಿಮಾಡಿದ್ರೆ ಚಿನ್ನಾನೂ ಸರಿಮಾಡ್ತಿದ್ಲು," ಆಲೈಡಿಸ್ ಮೆಲ್ಲಗೆ ಅಂದಳು. "ನೀಲಿ ಮಾತ್ರ ಬೇಕಾಗಿದ್ದೋನು ಮನುಷ್ಯ. ಉಳಿದಿದ್ದ ಒಳ್ಳೆ ನೀಲೀನ ಮಾರೋಕೆ ಅಂತ ಚಾಕುವಿನಿಂದ ಕೆರೆದು ತೆಗೆದು, ಅಗ್ಗದ್ದು ಬಳಿದ. ಪ್ರಭೆಯ ಚಿನ್ನ ಕಿತ್ತೀತು ಅಂತ ಅಲ್ಲೊಂದು ಗೆರೆ ಬಿಟ್ಟ. ಅದು ಇವತ್ತಿಗೂ ನೀಲಿ. ಆಗ ಪುಸ್ತಕ ಇದ್ದದ್ದು ರೋಲಂಟ್ ಹತ್ರ, ಲೈಸ್ಬೆತ್ ಇದ್ದದ್ದು ಗೆಂಟ್‌ನಲ್ಲಿ. ಹಾಳೆ ಹೊಸದರ ಹಾಗೆ ಕಾಣಬೇಕು ಅಂತ ಸವೆದ ಜಾಗಕ್ಕೂ ಬಳಿದುಬಿಟ್ರಿ, ಯಜಮಾನ್ರೆ. ಜೀವಮಾನವೆಲ್ಲ ಪ್ರಾರ್ಥನಾ ಪುಸ್ತಕ ಮಾಡಿದ್ರಿ. ಅದನ್ನ ಹಿಡಿದು ಯಾರೋ ಪ್ರಾರ್ಥನೆ ಮಾಡ್ತಾರೆ ಅನ್ನೋದೇ ಮರೆತ್ರಿ."



ಹಿರಿಯರು ಗುಸುಗುಸು ಮಾಡಿ ಲೈಸ್ಬೆತ್‌ಳ ಮುದ್ರೆ ಅವಳಿಗೇ ಬಿಟ್ಟರು. ರೋಲಂಟ್‌ಗೆ ಕೊಟ್ಟ ಶಿಕ್ಷೆ, ಮಂದಿರದ ಮೇಣದಬತ್ತಿಗಳಿಗೆ ಒಂದಿಷ್ಟು ಮೇಣ ಕೊಡುವುದು. "ಮೇಣ!" ಆಲೈಡಿಸ್ ನನ್ನ ತೋಳನ್ನು ಚಿವುಟಿದಳು. "ಹುಡುಗಿಗಾದ್ರೆ ಕುಂಚವೇ ಇಲ್ಲ, ಇವನಿಗೆ ಬರೀ ಮೇಣ!"

ಲೈಸ್ಬೆತ್ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೇಜಿನಿಂದ ತನ್ನ ಮುದ್ರೆ ಎತ್ತಿಕೊಂಡು ಮುಷ್ಟಿಯೊಳಗೆ ಇಟ್ಟುಕೊಂಡಳು. ಬಾಗಿಲಲ್ಲಿ ಯೊಸೈನ ಅವಳನ್ನು ತಡೆದು ಪುಸ್ತಕ ಮುಂದೆ ಹಿಡಿದಳು.

"ನೀನೇ ಮತ್ತೆ ಬಳಿದುಕೊಡು."

"ಇನ್ನೂ ಮುತ್ತಿಡ್ತೀರಾ?"

ಯೊಸೈನ ಗಂಡನನ್ನು ನೋಡಿದಳು, ಆಮೇಲೆ ಅವಳನ್ನು. "ಇಡ್ತೀನಿ."

"ಹಾಗಾದ್ರೆ ಬೇಗ ಸವೆಯದ ಹಾಗೆ ಬಣ್ಣಕ್ಕೆ ಗೋಂದು ಸ್ವಲ್ಪ ಜಾಸ್ತಿ ಹಾಕ್ತೀನಿ," ಅಂದಳು ಲೈಸ್ಬೆತ್.