ಗಸ್‌ನ ಖಾತೆಗೆ ಬಿದ್ದ ಚೆಕ್ಕು

"ಯೂನಿಸ್ ಆಂಟಿ, ಅವನು ಬಾಯಿ ಬಿಡೋ ಹಾಗೆ ಮಾಡಿ. ಪೊಲೀಸರ ಕೈಲಿ ಆಗ್ತಿಲ್ಲ," ಎನ್ನುತ್ತಲೇ ರೂಡಿ ಅಗ್ಬಯಾನಿ ವರಾಂಡದ ಮೆಟ್ಟಿಲೇರಿ ಬಂದ.

ಯೂನಿಸ್ ಕಹನಾನುಯಿ ನಮ್ಮ ದ್ವೀಪದ ಹಿಲೋ ಪಟ್ಟಣದ ಪೊಲೀಸಿನಲ್ಲಿ ಪತ್ತೇದಾರರಾಗಿದ್ದು ನಿವೃತ್ತರಾದವರು. ಹಾಮಾಕುವಾ ಕರಾವಳಿಯ ನಮ್ಮ ಊರಿನಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದುದು ಅವರ ಬಳಿಗೆ. ಪಕ್ಕದ ಮನೆಯ ನಾನು, ಗೋರೋ ಇಶಿಬಾಶಿ, ಅವರ ಕಾರು ಓಡಿಸುತ್ತಿದ್ದೆ. ಅವರು ಯೋಚಿಸುವಾಗ ಸುಮ್ಮನಿರುವುದನ್ನೂ ಕಲಿತಿದ್ದೆ.

ರೂಡಿಯ ತಂದೆ ಬೆನಿಗ್ನೊ ಮಳೆಗಾಲಕ್ಕೆ ಮುಂಚೆ ತೀರಿಕೊಂಡಿದ್ದ. ವಿಮೆಯ ಚೆಕ್ಕು ತಾಯಿ ಲೂರ್ದೆಸ್ ಹೆಸರಿಗೆ ಬರಬೇಕಿತ್ತು, ಬರಲಿಲ್ಲ. ರೂಡಿ ವಿಚಾರಿಸಿದಾಗ ಅದು ಎಂದೋ ಜಮೆಯಾಗಿತ್ತು. ಆಗಿದ್ದು ಗಸ್ ಮೆದೈರೋಸ್‌ನ ಖಾತೆಗೆ.

"ಅಪ್ಪನ ಜೊತೆ ಸಕ್ಕರೆ ಕಾರ್ಖಾನೇಲಿ ದುಡಿದವನು ಆಂಟಿ! ನಮ್ಮನೇಲಿ ಊಟ ಮಾಡಿದವನು!"

"ದುಡ್ಡು ತೆಗೆದಿದ್ದಾನಾ?"

"ಇಲ್ಲ. ಇಷ್ಟು ದಿನ ಹಾಗೇ ಇತ್ತಂತೆ. ಈಗ ಬ್ಯಾಂಕಿನವರು ತಡೆದಿದ್ದಾರೆ." ಅವನು ಒಂದು ಹಾಳೆ ಕೊಟ್ಟ. "ಇದು ಚೆಕ್ಕಿನ ಮುಂಭಾಗದ ಪ್ರತಿ. ಹಿಂಭಾಗದ ಪ್ರತಿ ಇನ್ನೂ ಯಾರ ಕೈಗೂ ಬಂದಿಲ್ಲ."

ರೂಡಿಯ ದೂರಿನ ಮೇಲೆ ಬಂಧಿತನಾಗಿದ್ದ ಗಸ್, ನಾವು ಹೋದಾಗ ಜಾಮೀನು ಪಡೆದು ಮನೆಯಲ್ಲಿದ್ದ. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ವರ್ಷಗಳ ಹಿಂದೆ ಕಬ್ಬಿನ ಗಾಣ ಅವನ ಬಲಗೈ ನುಂಗಿತ್ತು. ಅಂಗಿಯ ಖಾಲಿ ತೋಳಿನ ತುದಿಯನ್ನು ಮಡಚಿ ಪಿನ್ನು ಹಾಕಿದ್ದ.

"ಚೆಕ್ಕು ನೀನೇ ಹಾಕಿದ್ಯಾ ಗಸ್?" ಎಂದರು ಯೂನಿಸ್.

"ನನ್ನ ಖಾತೇಲಿದೆ. ಇನ್ನೇನು ಕೇಳ್ತೀರಿ?"

"ಬ್ಯಾಂಕಿನ ಚೀಟಿ ಎಡಗೈಲಿ ಬರೀತೀಯಾ?"

"ಕೈ ಹೋದ ಮೇಲೆ ನಾನು ಬರೆಯೋದನ್ನೇ ಬಿಟ್ಟೆ."

"ಮತ್ತೆ ಯಾರು ಬರೆದುಕೊಡ್ತಾರೆ?"

ಅವನು ಸಾರು ತಿರುವಲು ನಿಂತ. ಮತ್ತೆ ನಮ್ಮತ್ತ ತಿರುಗಲಿಲ್ಲ.

ಲೂರ್ದೆಸ್ ಮನೆಯಲ್ಲಿ ಯೂನಿಸ್ ಆ ಹಾಳೆಯನ್ನು ಮೇಜಿನ ಮೇಲಿಟ್ಟರು. ಲೂರ್ದೆಸ್ ಅದನ್ನು ಮುಟ್ಟಲಿಲ್ಲ.

"ನನ್ನ ಕೈಗೆ ಬಂದೇ ಇಲ್ಲ ಇದು. ಸಹಿ ನಂದಲ್ಲ. 'ಗಸ್ ಮೆದೈರೋಸ್‌ಗೆ ಕೊಡಿ' ಅಂತ ಬರೆದಿರೋದೂ ನನ್ನ ಅಕ್ಷರ ಅಲ್ಲ. ಆದ್ರೂ ಅವನನ್ನ ಜೈಲಿಗೆ ಹಾಕಬೇಡಿ ಆಂಟಿ. ಕೈ ಇಲ್ಲದವನು."

ಎಂಥ ಕರುಣೆಯ ಹೆಂಗಸು ಎಂದುಕೊಂಡೆ. ಯೂನಿಸ್ ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಭಾನುವಾರ ಮೂವರನ್ನೂ ತಮ್ಮ ವರಾಂಡಕ್ಕೆ ಕರೆಸಿದರು. ಗಸ್‌ನ ಪಕ್ಕ ಕೂರಲಾರೆನೆಂದು ರೂಡಿ ಕಂಬಕ್ಕೊರಗಿ ನಿಂತ.

"ಕದ್ದವನಿಗೆ ನಗದು ಬೇಕು," ಎಂದರು ಯೂನಿಸ್. "ಕದ್ದ ಚೆಕ್ಕನ್ನ ಎಲ್ಲರಿಗೂ ಗೊತ್ತಾಗೋ ಹಾಗೆ ತನ್ನ ಹೆಸರಿನ ಖಾತೆಗೆ ಹಾಕಿ, ಮುಟ್ಟದೆ ಕೂರ್ತಾನಾ? ಅಂದ್ರೆ ಇದು ಕಳ್ಳತನ ಅಲ್ಲ. ಗಸ್‌ಗೆ ಸೇರಲಿ ಅಂತ ಬೇರೆ ಯಾರೋ ಹಾಕಿದ್ದು. ಅವರಿಗೆ ಇವನ ಖಾತೆ ನಂಬರು ಗೊತ್ತಿರಬೇಕು. ಇವನ ಚೀಟಿ ಬರೆದುಕೊಡೋರಿಗೆ ಗೊತ್ತಿರುತ್ತೆ. ಅದ್ಯಾರು ಅಂದಾಗ ಇವನು ಸಾರು ತಿರುವಿದ. ಯಾರನ್ನೋ ಕಾಪಾಡ್ತಿದ್ದಾನೆ."

"ಯಾರನ್ನ?" ಎಂದ ರೂಡಿ.

"ನಿನ್ನ ತಾಯಿಗೆ ನಾನು ತೋರಿಸಿದ್ದು ಮುಂಭಾಗ ಮಾತ್ರ. ಚೆಕ್ಕನ್ನ ಇನ್ನೊಬ್ಬರಿಗೆ ವರ್ಗಾಯಿಸೋ ಸಹಿ ಇರೋದು ಹಿಂದೆ. 'ಗಸ್ ಮೆದೈರೋಸ್‌ಗೆ ಕೊಡಿ' ಅನ್ನೋ ಬರಹ ಇರೋದೂ ಹಿಂದೆ. ಹಿಂಭಾಗವನ್ನ ನಾವ್ಯಾರೂ ನೋಡಿರಲಿಲ್ಲ. ಪ್ರತಿ ಬಂದಿದ್ದು ನಿನ್ನೆ. ಇವಳು ಹೇಳಿದ ಮಾತು ಒಂದಕ್ಷರ ತಪ್ಪದೆ ಅದರಲ್ಲಿದೆ. ಲೂರ್ದೆಸ್, ಬರೆದವರಿಗೆ ಬಿಟ್ಟು ಬೇರೆ ಯಾರಿಗೆ ಅದು ಗೊತ್ತಿರುತ್ತೆ?"

ಲೂರ್ದೆಸ್ ಮುಖ ಮುಚ್ಚಿಕೊಂಡಳು.

"ಆವತ್ತು ಗಾಣ ಚಾಲೂ ಮಾಡಿದ್ದು ನಿನ್ನಪ್ಪ," ಎಂದಳು ಮಗನಿಗೆ. "ಕುಡಿದಿದ್ದರು. ಒಳಗೆ ಗಸ್‌ನ ಕೈ ಇತ್ತು. ವಿಚಾರಣೇಲಿ ಗಸ್‌ದೇ ತಪ್ಪು ಅಂದುಬಿಟ್ಟರು. ಇವನಿಗೆ ಕೆಲಸವೂ ಹೋಯ್ತು, ಪರಿಹಾರವೂ ಸಿಗಲಿಲ್ಲ. ಸಾಯೋ ಮುಂಚೆ ನನ್ನ ಹತ್ರ ಹೇಳಿಕೊಂಡು ಅತ್ತರು. ಆ ದುಡ್ಡಲ್ಲಿ ಅನ್ನ ಬೇಯಿಸೋದು ನನ್ನಿಂದಾಗ್ತಿರಲಿಲ್ಲ ಮಗಾ. ಕೈಗೆ ಕೊಟ್ರೆ ಇವನು ತಗೊಳ್ತಿರಲಿಲ್ಲ."

"ಪೊಲೀಸರು ಬಂದಾಗ ಹೇಳಬಹುದಿತ್ತಲ್ಲ ಅಮ್ಮಾ! ನಾನೇ ಇವರನ್ನ ಹಿಡಿಸಿದೆ!"

"ನಿನ್ನ ಮಗುವಿಗೆ ನಿನ್ನಪ್ಪನ ಹೆಸರಿಟ್ಟಿದ್ದೀಯ. ಹೇಗೆ ಹೇಳ್ಲಿ? ದಿನಾ ಬೆಳಗ್ಗೆ ಹೇಳ್ಬೇಕು ಅಂತಾನೇ ಏಳ್ತಿದ್ದೆ."

ರೂಡಿ ಗಸ್‌ನತ್ತ ತಿರುಗಿದ. "ನಿಮಗೆ ಗೊತ್ತಿತ್ತಾ?"

"ನನ್ನ ಚೀಟಿ ಬರೆಯೋಳು ನಿನ್ನಮ್ಮ ಒಬ್ಬಳೇ ಅಲ್ವಾ."

"ಮತ್ತೆ ಯಾಕೆ ಸುಮ್ಮನಿದ್ರಿ? ಜೈಲಿಗೆ ಹೋಗ್ತಿದ್ರಲ್ಲ!"

ಗಸ್ ತನ್ನ ಖಾಲಿ ತೋಳನ್ನೇ ನೋಡುತ್ತಿದ್ದ. "ಬೆನಿಗ್ನೊಗೆ ಆವತ್ತು ಕುಡಿಯೋ ಮನಸ್ಸಿರಲಿಲ್ಲ. ಬೇಡ ಬೇಡ ಅಂದ. ಬಾಟ್ಲಿ ತಂದಿದ್ದು ನಾನು. ಗಂಡಸಲ್ವೇನೋ ನೀನು ಅಂತ ರೇಗಿಸಿ ರೇಗಿಸಿ ಕುಡಿಸಿದೆ. ಅದನ್ನ ಯಾರಿಗೂ ಹೇಳಲಿಲ್ಲ. ಅವನು ತಾನೊಬ್ಬನೇ ಪಾಪಿ ಅಂದುಕೊಂಡೇ ಸತ್ತ."

ಎಂಥ ಕೇಸು ಬಿಡಿಸಿದರೂ ನನ್ನತ್ತ ನೋಡಿ ಕಣ್ಣು ಮಿಟುಕಿಸುವ ಯೂನಿಸ್ ಆಂಟಿ ಅಂದು ನೆಲ ನೋಡುತ್ತ ಕುಳಿತಿದ್ದರು.

ಮೊದಲು ಎದ್ದವಳು ಲೂರ್ದೆಸ್. "ಠಾಣೆಗೆ ನಡೀರಿ. ನಾನೇ ಹೇಳ್ತೀನಿ, ಎಲ್ಲಾನೂ. ಆ ದುಡ್ಡು ಮಾತ್ರ ನಾನು ವಾಪಸ್ ತಗೊಳ್ಳಲ್ಲ ಗಸ್."

"ನನಗೂ ಬೇಡ."

"ಅದನ್ನ ದಾರೀಲಿ ಜಗಳ ಆಡೋಣ."

ರೂಡಿ ಇಳಿದು ಹೋಗಿ ಟ್ರಕ್ಕಿನ ಬಾಗಿಲು ತೆರೆದು ಹಿಡಿದ. ಗಸ್ ಹತ್ತಲು ಎಡಗೈ ಚಾಚಿದಾಗ ಅವನ ಮುಖ ನೋಡಲಾರದೆ, ತಲೆ ತಗ್ಗಿಸಿಕೊಂಡೇ ಆ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡ.

"ನಿಧಾನ, ಗಸ್ ಅಂಕಲ್," ಎಂದ.