ಹಣತೆ ಮೀನಿನ ಕಿವಿಗಲ್ಲು

ಆ ಮುಂಜಾನೆ ಗದಗಿನ ಮೇಲೆ ಆಷಾಢದ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಪಡುವಲಿನಿಂದ ಮೋಡಗಳು ಹಿಂಡುಹಿಂಡಾಗಿ ಬಂದು, ಊರಿನ ಮೇಲೆ ನೆರಳು ಚೆಲ್ಲಿ, ಒಂದು ಹನಿಯನ್ನೂ ಉದುರಿಸದೆ ಮುಂದೆ ಸಾಗುತ್ತಿದ್ದವು. ಸಂಶೋಧನಾ ಕೇಂದ್ರದ ಕಿಟಕಿಗಳು ಗಡಗಡ ಅಲುಗುತ್ತಿದ್ದರೂ ಒಳಗೆ ಮೇಜಿನ ಮೇಲಿದ್ದ ಗಾಜಿನ ನಳಿಗೆಯಲ್ಲಿ ನೀರು ಕದಲದೆ ನಿಂತಿತ್ತು. ಅದರೊಳಗೆ ಬೆರಳ ಗೆಣ್ಣಿನಷ್ಟು ಉದ್ದದ ಒಂದು ಮೀನು. ಬಾಲದ ಬುಡದಲ್ಲಿ ಉರಿಯುವ ಬತ್ತಿಯ ಕುಡಿಯಂಥ ಕೆಂಪು ಚುಕ್ಕೆ. ಅದಕ್ಕೇ ಜನ ಅದನ್ನು ಹಣತೆ ಮೀನು ಎನ್ನುತ್ತಿದ್ದರು.

ನಳಿಗೆಯ ಸುತ್ತ ಸದ್ದಿಲ್ಲದೆ ತಿರುಗುತ್ತಿದ್ದ ಯಂತ್ರದ ಹೆಸರು ಜಲವಾಚಕ. ಇಷ್ಟು ಚಿಕ್ಕ ಮೀನಿನ ತಲೆಯೊಳಗೂ ಸಾಸಿವೆಗಿಂತ ಚಿಕ್ಕದಾದ ಒಂದು ಸುಣ್ಣದ ಹರಳಿರುತ್ತದೆ, ಅದೇ ಕಿವಿಗಲ್ಲು. ಮರದ ಕಾಂಡದಲ್ಲಿ ಬಳೆಗಳು ಮೂಡುವಂತೆ ಮೀನು ಬೆಳೆದಷ್ಟೂ ಅದು ಪದರಪದರವಾಗಿ ಬೆಳೆಯುತ್ತದೆ. ಆಯಾ ಕಾಲದ ನೀರಿನಲ್ಲಿದ್ದ ಲವಣಗಳು ಆಯಾ ಪದರದಲ್ಲಿ ಉಳಿದುಬಿಡುತ್ತವೆ. ಹಿಂದೆ ಅದನ್ನು ನೋಡಬೇಕಾದರೆ ಮೀನನ್ನು ಕೊಲ್ಲಬೇಕಿತ್ತು. ಜಲವಾಚಕ ಜೀವಂತ ಮೀನಿನ ತಲೆಯ ಮೂಲಕ ತಂಪು ಬೆಳಕನ್ನು ಹಾಯಿಸಿ ಕಿವಿಗಲ್ಲನ್ನು ಓದುತ್ತಿತ್ತು. ಓದಿದ್ದಕ್ಕೆ ತಕ್ಕಂತೆ ಲವಣಗಳನ್ನು ಬೆರೆಸಿ ಆ ಮೀನು ಹುಟ್ಟಿದ ಕಾಲದ ನೀರನ್ನೇ ಮತ್ತೆ ಮಾಡಿಕೊಡುತ್ತಿತ್ತು. ಮರಿ ಮಾಡುವುದನ್ನು ಮರೆತ ಮೀನುಗಳು ಹುಟ್ಟಿದ ನೀರು ಸಿಕ್ಕೊಡನೆ ತತ್ತಿ ಇಡುತ್ತಿದ್ದವು.

ಯಂತ್ರವನ್ನು ರೂಪಿಸಿದವಳು ಡಾ. ಸರ್ವಮಂಗಳಾ ಹೊಳಗುಂದಿ. ಅವಳ ಎದುರು ಸ್ಟೂಲಿನ ಮೇಲೆ ಕುಳಿತಿದ್ದವನು ಮೀನಿನ ಒಡೆಯ, ಬೆಟಗೇರಿಯ ದರ್ಜಿ ಈರಬಸಪ್ಪ.

"ಅದಕ ನೋವಾಗೂದಿಲ್ಲಲ್ಲ ತಂಗಿ?"

"ಇಲ್ಲ ಕಾಕಾ. ಎಳೇಬಿಸಿಲಿಗೆ ನಿಂತಂಗ ಅಷ್ಟ."

"ಮುದೀ ಜೀವ ಅದು, ನನ್ನಂಗ."

"ನಿಮ್ಮಷ್ಟು ಮಾತಾಡೂದಿಲ್ಲ, ಅದ ಪುಣ್ಯಾ," ಎಂದು ಅವಳು ನಕ್ಕಳು. ಈರಬಸಪ್ಪನೂ ನಕ್ಕ. ಆದರೆ ಕಣ್ಣು ನಳಿಗೆಯನ್ನು ಬಿಟ್ಟಿರಲಿಲ್ಲ.

ಹಣತೆ ಮೀನು ಆಡುತ್ತಿದ್ದ ಹಳ್ಳ ಬತ್ತಿಹೋಗಿ ಬಹಳ ಕಾಲವಾಗಿತ್ತು. ಉಳಿದವು ಮನೆಮನೆಯ ಗಾಜಿನ ತೊಟ್ಟಿಗಳಲ್ಲಿ ಇದ್ದವು, ಅಷ್ಟೆ. ಸಾಕುವವರಲ್ಲಿ ಒಂದು ಕಟ್ಟಳೆಯಿತ್ತು. ಈ ಮೀನನ್ನು ಮಾರುವಂತಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಗಂಡು ಹೆಣ್ಣಿನ ಜೋಡಿ ಕೊಟ್ಟರೆ, ಪಡೆದವರು ಅದರ ಮೊಮ್ಮಕ್ಕಳಲ್ಲಿ ಒಂದು ಜೋಡಿಯನ್ನು ಹಿಂದಿರುಗಿಸಬೇಕು. ಮಕ್ಕಳನ್ನಲ್ಲ, ಮೊಮ್ಮಕ್ಕಳನ್ನು. ಮಕ್ಕಳು ಬದುಕುವುದು ಕೊಟ್ಟವರ ಪುಣ್ಯದಿಂದ, ಮೊಮ್ಮಕ್ಕಳು ಬದುಕುವುದು ಪಡೆದವರ ಆರೈಕೆಯಿಂದ ಎಂಬುದು ಅವರ ನಂಬಿಕೆ. ಹಾಗೆ ಹಿಂದಿರುಗಿಸುವುದಕ್ಕೆ ಮರುಜೋಡಿ ಎನ್ನುತ್ತಿದ್ದರು.

ಈರಬಸಪ್ಪನ ಹೆಂಡತಿ ಶಂಕ್ರವ್ವನಿಗೆ ಜೋಡಿ ಕೊಟ್ಟವಳು ಮುಂಡರಗಿಯ ಖಾತೂನಬಿ. ಆ ಜೋಡಿಯ ಮಕ್ಕಳನ್ನು ಶಂಕ್ರವ್ವ ಸಾಕಿ ದೊಡ್ಡವು ಮಾಡಿದಳು. ಮೊಮ್ಮಕ್ಕಳನ್ನು ಕಾಣುವ ಮೊದಲೇ ಮೂತ್ರಪಿಂಡ ಸೋತು ತೀರಿಕೊಂಡಳು. ಮುಂದೆ ಮೀನುಗಳಿಗೆ ರೋಗ ಬಿದ್ದು ಖಾತೂನಬಿಯ ತೊಟ್ಟಿಯೂ ಬರಿದಾಯಿತು. ಈರಬಸಪ್ಪನ ಮನೆಯಲ್ಲಿದ್ದ ಮೀನುಗಳು ತಿನ್ನುತ್ತಿದ್ದವು, ಈಜುತ್ತಿದ್ದವು, ತತ್ತಿ ಮಾತ್ರ ಇಡುತ್ತಿರಲಿಲ್ಲ. ಅವು ಒಂದೊಂದಾಗಿ ಮುಪ್ಪಾಗಿ ಸಾಯತೊಡಗಿದ್ದವು.

"ಇವು ಹ್ವಾದ್ರ ಆಕೀ ಮಾತು ಹೋದಂಗ," ಎಂದ ಈರಬಸಪ್ಪ. "ಸಾಯೂ ಮುಂದ ಆಕಿ ನನ್ನ ಹೆಸರ ಹಿಡೀಲಿಲ್ಲ ತಂಗಿ. ‘ಖಾತೂನಬಿದು ಮರುಜೋಡಿ ಕೊಡೂದೈತಿ’ ಅಂದ್ಲು. ಅಷ್ಟ."

"ನೀರು ಯಾವುದು ಹಾಕ್ತೀರಿ?"

"ಬೋರಿಂದು. ಸವುಳು ನೀರು."

"ಸವುಳು ನೀರಾ? ನಲ್ಲೀಗೆ ಸಿಹಿನೀರು ಬರ್ತೈತಲ್ಲ ಕಾಕಾ ಈಗ!"

"ಬರ್ತೈತಿ. ಆದ್ರ ಆಕಿ ಬೆಳೆಸಿದ್ದು ಬೋರಿನ ನೀರಾಗ. ಆಕೀ ಪದ್ಧತಿ ನಾ ಯಾಕ ಬಿಡ್ಲಿ? ನೀರ ತುಂಬೂ ಮುಂದ ಆಕೀ ಹೆಸರ ಹೇಳಿ ತುಂಬ್ತೇನಿ."

ಆ ಮೀನುಗಳು ಮರಿಗಳಾಗಿದ್ದಾಗಿನ ಬೇಸಿಗೆಯನ್ನು ಊರಿನವರು ಯಾರೂ ಮರೆತಿರಲಿಲ್ಲ. ನದಿ ನಿಂತುಹೋಗಿ, ಕುಡಿಯುವ ನೀರನ್ನು ತಲೆಗಿಷ್ಟೆಂದು ಅಳೆದು ಕೊಡುತ್ತಿದ್ದರು. ಪ್ರತಿಯೊಬ್ಬರಿಗೂ ಅವರವರದೇ ಒಂದು ಚಿಕ್ಕ ಬಿಂದಿಗೆ. ಮಿಕ್ಕ ಎಲ್ಲಕ್ಕೂ ಉಪ್ಪುಪ್ಪಾದ ಬೋರಿನ ನೀರು.

ಯಂತ್ರ ನಿಂತಿತು. ಪರದೆಯ ಮೇಲೆ ಮೀನಿನ ಇಡೀ ಆಯುಷ್ಯ ಒಂದು ಪಟ್ಟಿಯಾಗಿ ಮೂಡಿತು. ಸಿಹಿನೀರಾದರೆ ನೀಲಿ, ಸವುಳು ನೀರಾದರೆ ಕಂದು. ಪಟ್ಟಿಯ ಮೊದಲ ಭಾಗ ತಿಳಿನೀಲಿಯಾಗಿತ್ತು. ಆಮೇಲೆ, ಕತ್ತರಿಯಿಂದ ಕತ್ತರಿಸಿದಂತೆ, ಕೊನೆಯವರೆಗೂ ಕಂದು.

ಸರ್ವಮಂಗಳೆ ಮೊದಲು ಹಿಗ್ಗಿದಳು. "ಸಿಕ್ತು ಕಾಕಾ! ಇವು ಹುಟ್ಟಿದ್ದು ಸಿಹಿನೀರಾಗ. ಸವುಳು ನೀರಾಗ ದೊಡ್ಡ ಮೀನು ತಡಕೊಂಡು ಬದುಕ್ತಾವ, ಆದ್ರ ತತ್ತಿ ಇಡೂದಿಲ್ಲ. ಮರಿಯಂತೂ ಉಳಿಯೂದ ಇಲ್ಲ. ನಿಮ್ಮ ಮನೆಯವರು ಆ ಬ್ಯಾಸಿಗ್ಯಾಗ ಬೋರಿನ ನೀರು ಮುಟ್ಟಿಸೇ ಇಲ್ಲ ಇವಕ್ಕ."

"ಯಂತ್ರ ತಪ್ಪೈತಿ."

"ತಪ್ಪೋದಿಲ್ಲ. ಇದು ಅಳೆದು ಕೊಡತಿದ್ದ ಕುಡಿಯೋ ನೀರು. ಅದಕ್ಕ ಹಾಕೋ ಔಷಧದ ಗುರುತೂ ಈ ಪದರದಾಗ ಐತಿ."

"ಅಂಥಾ ಕಾಲದಾಗ ಇವಕ್ಕ ಸಿಹಿನೀರು ಎಲ್ಲಿಂದ ಬರಬೇಕು? ನನ್ನ ಬಿಂದಿಗಿ ನಾ ಕುಡದೇನಿ. ಆಕೀದು..."

ಅವನು ಪರದೆಯ ನೀಲಿಯ ಮೇಲೆ ಬೆರಳಿಟ್ಟ.

ಮೀನುಗಳಿಗಾಗಿ ಕಟ್ಟಿದ ಯಂತ್ರ ಒಬ್ಬ ಹೆಣ್ಣುಮಗಳ ಬಾಯಾರಿಕೆಯನ್ನು ಓದಿ ಹೇಳೀತೆಂದು ಸರ್ವಮಂಗಳೆ ಎಣಿಸಿರಲಿಲ್ಲ. ಅವಳು ಪರದೆಯನ್ನು ಆರಿಸಲು ಕೈ ಚಾಚಿದಳು.

"ಇರ್ಲಿ," ಎಂದ ಈರಬಸಪ್ಪ. "ಕಂದು ಯಾವಾಗ ಶುರು ಆಗೈತಿ?"

ಅವಳು ತಿಂಗಳನ್ನು ಹೇಳಿದಳು. ಅದು ಶಂಕ್ರವ್ವ ತೀರಿಕೊಂಡ ತಿಂಗಳು.

ಈರಬಸಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ಡಾಕ್ಟರು ಆಕೀಗೆ ಹೇಳಿದ್ರು ತಂಗಿ. ನಿಮ್ಮ ಮೂತ್ರಪಿಂಡಕ್ಕ ಸವುಳು ನೀರಂದ್ರ ವಿಷ, ಬಾಯಿಗೆ ಹಾಕಬ್ಯಾಡ್ರಿ ಅಂತ. ನಾ ಅಂಗಡಿಯಿಂದ ಬಂದು ಕೇಳಾಂವ, ನೀರ ಕುಡದೀಯೇನ ಅಂತ. ‘ಹೊಟ್ಟಿ ತುಂಬ ಕುಡದೇನ್ರಿ’ ಅನ್ನಾಕಿ. ನನ್ನ ಬಿಂದಿಗ್ಯಾಗಿಂದು ಒಂದ ಗುಟುಕು ಕೊಟ್ಟರೂ ವಲ್ಲೆ ಅಂತಿದ್ಲು. ನಾ ಅಂದ್ಕೊಂಡೆ, ಹೆಂಗಸು, ನೀರಡಿಕಿ ಕಡಿಮಿ."

ಗಾಳಿ ಕಿಟಕಿಯನ್ನು ಬಡಿಯುತ್ತಲೇ ಇತ್ತು.

"ಈ ಮೀನ ಆಕೀನ ಕುಡದಾವ," ಎಂದು ಅವನು ತಟ್ಟನೆ ಎದ್ದ. "ಒಯ್ದು ಗಟಾರಕ್ಕ ಚೆಲ್ತೇನಿ!" ನಳಿಗೆಗೆ ಕೈ ಹಾಕಿದ. ಅವಳು ತಡೆಯಲಿಲ್ಲ. ತಡೆಯುವ ಹಕ್ಕು ತನಗಿದೆಯೆಂದು ಅವಳಿಗೆ ಅನಿಸಲಿಲ್ಲ. ಮನುಷ್ಯರ ಕೈ ಕಂಡರೆ ಹಿಟ್ಟು ಬರುತ್ತದೆಂದು ರೂಢಿಯಾಗಿದ್ದ ಮುದಿ ಮೀನು ಮೇಲೆ ಬಂದು ಗಾಜಿನ ಒಳಗಿನಿಂದ ಅವನ ಬೆರಳಿಗೆ ಬಾಯಿ ಹಚ್ಚಿತು.

ಈರಬಸಪ್ಪ ಮತ್ತೆ ಸ್ಟೂಲಿನ ಮೇಲೆ ಕುಳಿತು ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡ.

"ಕಾಕಾ, ನಿಮಗ ಹೇಳಬಾರದಿತ್ತೇನೋ..."

"ಹೇಳಿದ್ದ ಛಲೋ ಆತು ಬಿಡವಾ. ಆಕಿ ಜೀವ ಕೊಟ್ಟು ಉಳಿಸಿದ್ದನ್ನ ನಾ ಭಕ್ತಿಲೇ ಕೊಲ್ಲಾಕ ಹತ್ತಿದ್ದೆ." ಅವನು ಮೂಗು ಒರೆಸಿಕೊಂಡ. "ಎಲ್ಲಿ, ಆ ನೀರ ಮಾಡಿ ಕೊಡು."

ಮನೆಯಲ್ಲಿ ಅವನು ಸವುಳು ನೀರನ್ನು ಒಮ್ಮೆಗೇ ಬದಲಿಸಲಿಲ್ಲ. ದಿನಕ್ಕಿಷ್ಟು ತೆಗೆದು, ಯಂತ್ರ ಮಾಡಿಕೊಟ್ಟ ನೀರನ್ನು ಅಷ್ಟಷ್ಟೇ ಸೇರಿಸಿದ. ಉಣ್ಣೆಯ ಎಳೆಗಳನ್ನು ಗೊಂಚಲು ಕಟ್ಟಿ ತತ್ತಿ ಅಂಟಿಕೊಳ್ಳಲೆಂದು ತೊಟ್ಟಿಯಲ್ಲಿ ತೂಗುಬಿಟ್ಟ. ತುಂಬುವಾಗ ಹೆಂಡತಿಯ ಹೆಸರು ಹೇಳಲು ನಾಲಿಗೆ ಏಳುತ್ತಿರಲಿಲ್ಲ, ಸುಮ್ಮನೆ ಕೈಮುಗಿಯುತ್ತಿದ್ದ. ಶ್ರಾವಣದ ಒಂದು ಬೆಳಿಗ್ಗೆ ಎಳೆಗಳ ನಡುವೆ ಗಾಜಿನ ಹರಳಿನಂಥ ತತ್ತಿಗಳು ಕಂಡವು. ದೊಡ್ಡ ಮೀನುಗಳು ತಮ್ಮ ತತ್ತಿಯನ್ನೇ ತಿಂದುಬಿಡುತ್ತವಾದ್ದರಿಂದ ಗೊಂಚಲನ್ನು ಬೇರೆ ತೊಟ್ಟಿಗೆ ಸಾಗಿಸಿದ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಅರಿವೆಯಲ್ಲಿ ಹಿಂಡಿ ಮರಿಗಳಿಗೆ ಕೊಟ್ಟ. ಮರಿಗಳ ಬಾಲದಲ್ಲಿ ಕೆಂಪು ಮೂಡುವ ಹೊತ್ತಿಗೆ ಮುದಿ ಮೀನುಗಳಲ್ಲಿ ಒಂದೂ ಉಳಿದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಅವನು ಮುಂಡರಗಿಗೆ ಹೋದ. ಖಾತೂನಬಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

"ಏನ್ ಅಣ್ಣಾರ, ದಾರಿ ತಪ್ಪಿ ಬಂದ್ರೇನು? ಅಂಗಿ ಅಳತಿ ತಗೊಳ್ಳಾಕ ಬಂದಿದ್ರ, ನಮ್ಮ ಮನ್ಯಾಗ ಎಲ್ಲಾರೂ ದಪ್ಪ ಆಗ್ಯಾರ, ಅರಿವಿ ಸಾಲೂದಿಲ್ಲ ನೋಡ್ರಿ!"

ಈರಬಸಪ್ಪ ಚೀಲದಿಂದ ಬಾಟಲಿ ತೆಗೆದ. ಬಿಸಿಲಿಗೆ ಎರಡು ಕೆಂಪು ಚುಕ್ಕೆಗಳು ಮಿನುಗಿದವು.

"ಯಾ ಅಲ್ಲಾ," ಎಂದು ಅವಳು ಖಾರದ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಮರುಜೋಡಿ ಏನ್ರಿ? ಶಂಕ್ರಕ್ಕ ಹೋದಾಗನ ನಾ ಅದನ್ನ ಮನಸಿನ್ಯಾಗಿಂದ ತೆಗೆದು ಹಾಕಿದ್ದೆ. ಆ ಸುಡುಗಾಡು ಬ್ಯಾಸಿಗ್ಯಾಗ ಮನಷ್ಯಾರಿಗೇ ನೀರಿರಲಿಲ್ಲ. ಮೀನು ಸತ್ತು ಅಂದಿದ್ರ ನಾ ಆಕೀಗೆ ಒಂದ ಮಾತರೆ ಅಂತಿದ್ದೆನಾ, ಹುಚ್ಚೀಗೆ?"

ಶಂಕ್ರವ್ವನ ಬಿಂದಿಗೆಯ ಮಾತು ಈರಬಸಪ್ಪನ ನಾಲಿಗೆಯ ತುದಿಗೆ ಬಂತು. ಅದನ್ನು ಅವನು ನುಂಗಿಕೊಂಡ. ಈ ತಾಯಿಗೆ ಅದನ್ನು ಹೇಳಿದರೆ ಅವಳು ಉಳಿದ ಆಯುಷ್ಯವೆಲ್ಲ ನೀರು ಕುಡಿಯುವಾಗ ನೆನೆಯಬೇಕಾದೀತು ಎಂದುಕೊಂಡ.

"ಎಂಥಾ ನೀರು ಹಾಕಬೇಕ್ರಿ ಇವಕ್ಕ?"

"ಸಿಹಿನೀರು. ಕಡಿಮಿ ಬಿದ್ರ ಹೇಳ್ರಿ ಯಕ್ಕಾ, ನಾ ತಂದು ಕೊಡ್ತೇನಿ. ನಿಮ್ಮ ಕುಡಿಯೂದ್ರಾಗಿಂದು ಮಾತ್ರ ಹಾಕಬ್ಯಾಡ್ರಿ."

ಅವಳು ಸೆರಗು ಹಿಡಿದು ಮುಂದೆ ಬಂದಳು. ಅವನು ಬಾಗಿ, ಬಾಟಲಿಯನ್ನು ಎರಡೂ ಕೈಯಿಂದ ಎತ್ತಿ, ನೀರು ತುಳುಕದಂತೆ ಅವಳ ಉಡಿಯಲ್ಲಿಟ್ಟ.