ಯಾರದೋ ಮಗಳಿಗಾಗಿ ಒಂದು ಪ್ರಾರ್ಥನೆ

ದೊಡ್ಡಮ್ಮನ ಮನೆಯಲ್ಲಿ ನಡೆಯುವ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದಾಗ ಅವಳೊಬ್ಬಳು ಮಾತ್ರ ಕಣ್ಣು ಬಿಟ್ಟುಕೊಂಡು ಲಿಫ್ಟ್ ಮೆಕ್ಯಾನಿಕ್‌ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಆ ಮನುಷ್ಯನಿಗೆ ಪ್ರಾರ್ಥನೆ ಶುರುಮಾಡಲು ಬರುತ್ತಿತ್ತು, ಮುಗಿಸಲು ಬರುತ್ತಿರಲಿಲ್ಲ. ಪಕ್ಕದ ಬೀದಿಯ ಅಜ್ಜಿಗೆ ನೋಯುತ್ತಿರುವುದು ಎಡ ಮೊಣಕಾಲೋ ಬಲ ಮೊಣಕಾಲೋ ಎಂಬುದನ್ನೂ ಅವನು ದೇವರಿಗೆ ಬಿಡಿಸಿ ಹೇಳುತ್ತಿದ್ದ. ಕೆಟ್ಟು ನಿಂತ ಲಿಫ್ಟಿನ ಬಗ್ಗೆ ಕಂಪನಿಗೆ ಫೋನ್ ಮಾಡುವವನ ಹಾಗೆ. ಒಳಗೆ ಚಹಾ ಆರಿ ತಣ್ಣಗಾಗುತ್ತಿತ್ತು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಲೆನ್ಸ್ ಉಜ್ಜಿ ಬಂದಿದ್ದ ಅವಳ ಸೊಂಟ ಹಿಡಿದುಕೊಂಡಿತ್ತು.

"ಕರ್ತನೇ," ಅವನು ಮುಂದುವರಿಸಿದ, "ಈ ಮನೆಯ ಸಹೋದರಿಯನ್ನೂ ನಿನ್ನ ಕೈಗೆ ಒಪ್ಪಿಸ್ತೀನಿ. ಅವರ ಸಿಟ್ಟು ಸ್ವಲ್ಪ ಕಡಿಮೆ ಮಾಡು. ಅವರ ಮನಸ್ಸಲ್ಲಿ ಏನು ಸಿಕ್ಕಿಹಾಕ್ಕೊಂಡಿದೆಯೋ ಅದನ್ನ ಬಿಡಿಸು."

ಯಾರೋ ಗಟ್ಟಿಯಾಗಿ "ಆಮೆನ್" ಅಂದರು. ಅದು ದೊಡ್ಡಮ್ಮನ ದನಿ.

ಕೂಟ ಮುಗಿದು ಅವನು ಬಾಗಿಲಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದಾಗ ಅವಳು ಎದುರಿಗೆ ಬಂದು ನಿಂತಳು.

"ನನಗೆ ಸಿಟ್ಟು ಜಾಸ್ತಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸಿಸ್ಟರ್. ಹೋದ ವಾರ ನೀವು ಕಪ್ ಕೆಳಗಿಟ್ಟ ಸದ್ದು ಕೇಳಿಸ್ತು."

"ಅಷ್ಟು ಜನರ ಮುಂದೆ ಹೇಳಬೇಕಿತ್ತಾ?"

"ಜನರಿಗೆಲ್ಲಿ ಹೇಳ್ದೆ? ದೇವರಿಗೆ ಹೇಳಿದ್ದು."

"ದೇವರಿಗೆ ಕಿವಿ ಚೆನ್ನಾಗಿದೆ. ಮನಸ್ಸಲ್ಲೇ ಅಂದ್ರೂ ಕೇಳಿಸುತ್ತೆ. ಇನ್ನೊಂದು, ನನ್ನ ಸಿಸ್ಟರ್ ಅನ್ನಬೇಡಿ."

ಅವನು ತಲೆ ಎತ್ತಿದ. ಹುಬ್ಬಿನ ಮೇಲೆ ಒರೆಸಿಕೊಳ್ಳಲು ಮರೆತ ಗ್ರೀಸಿನ ಗೆರೆಯೊಂದಿತ್ತು. ಕಣ್ಣಲ್ಲಿ ತುಂಟತನವಿದೆಯೇ ಎಂದು ಅವಳು ಹುಡುಕಿದಳು. ಇರಲಿಲ್ಲ.

"ಮತ್ತೇನು ಅನ್ನಲಿ?" ಎಂದು ಕೇಳಿದ, ನಿಜವಾಗಿಯೂ ಗೊತ್ತಿಲ್ಲದವನ ಹಾಗೆ.

ಅವಳಿಗೂ ಗೊತ್ತಿರಲಿಲ್ಲ. ಅದಕ್ಕೆ ಇನ್ನಷ್ಟು ಮೈ ಉರಿಯಿತು.

ದೊಡ್ಡಮ್ಮ ಎಂದರೆ ಅವಳ ತಾಯಿಯ ಅಕ್ಕ. ತಾಯಿ ತೀರಿಕೊಂಡ ವರ್ಷವೇ ಲಾರಿ ಡ್ರೈವರ್ ತಂದೆ ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಮನೆಗೆ ಬರುವುದನ್ನೇ ಬಿಟ್ಟುಬಿಟ್ಟಿದ್ದ. ಶಾಲೆಗೆ ಹೋಗುತ್ತಿದ್ದ ಹುಡುಗಿಯನ್ನು ದೊಡ್ಡಮ್ಮ ಕೈಹಿಡಿದು ಕರೆದುಕೊಂಡು ಬಂದು ಸಾಕಿದಳು. ಆ ಮನುಷ್ಯನ ಸುದ್ದಿ ಎತ್ತಿದರೆ ಹುಡುಗಿ ಊಟದಿಂದ ಎದ್ದು ಹೋಗುತ್ತಿದ್ದಳು. ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ.

ಮುಂದಿನ ಬುಧವಾರ ದೊಡ್ಡಮ್ಮ ಹೊಸ ಏರ್ಪಾಡೊಂದನ್ನು ಹಚ್ಚಿದಳು. ಇನ್ನು ಮೇಲೆ ಇಬ್ಬಿಬ್ಬರು ಸೇರಿ ಯಾರಾದರೂ ಒಬ್ಬರಿಗಾಗಿ ದಿನವೂ ಪ್ರಾರ್ಥಿಸಬೇಕು. ತಮ್ಮವರಿಗಲ್ಲ, ಹೊರಗಿನವರಿಗೆ. ನಮ್ಮ ಬೇಡಿಕೆಯನ್ನೇ ಹಿಡಿದು ಕೂತರೆ ಆತ್ಮ ಬೆಳೆಯುವುದಿಲ್ಲ, ಇನ್ನೊಬ್ಬರ ಭಾರ ಹೊತ್ತು ದೇವರ ಮುಂದೆ ನಿಂತರೆ ಬೆಳೆಯುತ್ತದೆ ಎಂದಳು. ಎಲ್ಲರೂ ತಲೆಯಾಡಿಸಿದರು. ಅವಳ ಜೋಡಿ ಯಾರು ಎಂದು ತಿಳಿದ ಮೇಲೆ ಅವಳ ತಲೆ ಅಲ್ಲೇ ನಿಂತಿತು.

"ಬೇರೆ ಯಾರೂ ಸಿಗಲಿಲ್ವಾ ದೊಡ್ಡಮ್ಮ?"

"ಉಳಿದವರಿಗೆ ನಿನ್ನ ಕಂಡ್ರೆ ಭಯ ಕಣೇ."

ಮೆಕ್ಯಾನಿಕ್ ಆಗಲೇ ಒಬ್ಬರನ್ನು ಆರಿಸಿಕೊಂಡಿದ್ದ. ಅವನು ರಿಪೇರಿಗೆ ಹೋಗುವ ಆಸ್ಪತ್ರೆಯ ಲಿಫ್ಟ್ ಒಂದು ದಿನ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಒಳಗೆ ಗಾಲಿಕುರ್ಚಿಯಲ್ಲಿ ಒಬ್ಬ ವಯಸ್ಸಾದ ಡಯಾಲಿಸಿಸ್ ರೋಗಿ, ಜೊತೆಗೆ ಅಳುತ್ತಿದ್ದ ನರ್ಸ್. ಬಾಗಿಲ ಸಂದಿಯಿಂದ ಇವನು ಧೈರ್ಯ ಹೇಳುತ್ತಿದ್ದರೆ ಆ ರೋಗಿಯೇ ಒಳಗಿನಿಂದ ಜೋಕ್ ಹೇಳಿ ನರ್ಸನ್ನು ನಗಿಸಿದ್ದನಂತೆ. ಹೊರಗೆ ಬಂದ ಮೇಲೆ ಇವನ ಕೈ ಹಿಡಿದು, "ನನಗೆ ಪ್ರಾರ್ಥನೆ ಮಾಡೋ ಮುಖ ಇಲ್ಲಪ್ಪ, ನೀನು ಮಾಡು" ಎಂದಿದ್ದನಂತೆ.

"ಹೆಸರೇನು?"

"ಕೇಳಿದ್ರೆ ಹೇಳಲ್ಲ. ವಾರ್ಡಲ್ಲಿ ಎಲ್ಲರೂ ತಾತ ಅಂತಾರೆ."

ಅವಳು ಮೊದಮೊದಲು ಲೆನ್ಸ್ ಮೆಷಿನ್ ಮುಂದೆ ಕೂತೇ ಸುಂಕ ಕಟ್ಟುವ ಹಾಗೆ ಮುಗಿಸುತ್ತಿದ್ದಳು. "ಕರ್ತನೇ, ಆ ಮುದುಕನನ್ನು ನೋಡಿಕೋ, ಆಮೆನ್." ಮಧ್ಯಾಹ್ನ ಚಹಾದ ಹೊತ್ತಿಗೆ ಮೆಕ್ಯಾನಿಕ್ ಅಂಗಡಿಗೆ ಬಂದು ಕೌಂಟರಿಗೆ ಒರಗಿ, "ಇವತ್ತು ಮಾಡಿದ್ರಾ?" ಎಂದು ವಿಚಾರಿಸುತ್ತಿದ್ದ.

"ಮಾಡಿದೆ."

"ಏನಂತ?"

"ನೋಡ್ಕೋ ಅಂತ."

"ಅಷ್ಟೇನಾ?"

"ನನಗೆ ಆ ಮನುಷ್ಯ ಗೊತ್ತಿಲ್ಲ, ನಿಮ್ಮ ಹಾಗೆ ಕತೆ ಕಟ್ಟೋಕೆ ಬರಲ್ಲ. ಏನಂತ ಕೇಳಲಿ?"

ಅಂದಿನಿಂದ ಅವನು ದಿನಕ್ಕೊಂದು ಸುದ್ದಿ ತರಲು ಶುರುಮಾಡಿದ. ತಾತನಿಗೆ ಸೂಜಿ ಕಂಡರೆ ಆಗುವುದಿಲ್ಲ. ಬೇಕಾದಷ್ಟು ನೀರು ಕುಡಿಯುವ ಹಾಗಿಲ್ಲ, ಅದಕ್ಕೆ ನೀರಿನ ಕನಸು ಬೀಳುತ್ತದೆ. ತನ್ನ ಜೋಕಿಗೆ ತಾನೇ ಮೊದಲು ನಗುತ್ತಾನೆ. ಅವಳಿಗೆ ಗೊತ್ತಾಗದ ಹಾಗೆ ಪ್ರಾರ್ಥನೆ ಉದ್ದವಾಗತೊಡಗಿತು. ನೀರು ಕುಡಿಯುವಾಗ ಲೋಟ ಹಿಡಿದ ಕೈ ಒಮ್ಮೊಮ್ಮೆ ನಿಲ್ಲುತ್ತಿತ್ತು. ಮೆಕ್ಯಾನಿಕ್ ಬರುವುದು ತಡವಾದರೆ ಅವಳು ಎದ್ದು ಬೀದಿ ನೋಡಿ ಬರುತ್ತಿದ್ದಳು. ಅದು ತಾತನ ಸುದ್ದಿಗಾಗಿ ಮಾತ್ರ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವನೂ ಸಿಸ್ಟರ್ ಅನ್ನುವುದನ್ನು ಬಿಟ್ಟಿದ್ದ. ಏನೂ ಅನ್ನದೆ, ಕೌಂಟರಿನ ಗಾಜಿನ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿ ಕರೆಯುತ್ತಿದ್ದ. ಗಾಜಿನ ಮೇಲೆ ಉಳಿದ ಗ್ರೀಸಿನ ಗುರುತನ್ನು ಅವಳು ಬೈಯುತ್ತಲೇ ಒರೆಸುತ್ತಿದ್ದಳು.

ಒಂದು ದಿನ ಅವನು ಮುಖ ಸಣ್ಣದು ಮಾಡಿಕೊಂಡು ಬಂದ.

"ತಾತನಿಗೆ ಒಬ್ಬಳು ಮಗಳಿದ್ದಾಳಂತೆ. ನಿನ್ನೆ ಅವಳ ವಿಷಯ ಹೇಳಿ ಅತ್ತುಬಿಟ್ರು."

"ಮಗಳು ನೋಡೋಕೆ ಬರಲ್ವಾ?"

"ಇಲ್ಲ."

ಅವಳಿಗೆ ಎಲ್ಲಿಲ್ಲದ ಕೋಪ ಬಂತು. ಅಂಥ ನಗುಮುಖದ ಜೀವ, ಸೂಜಿಗೆ ಹೆದರುವ ಜೀವ, ಒಬ್ಬಂಟಿಯಾಗಿ ಮಲಗಿದ್ದರೆ ಹೆತ್ತ ಮಗಳು ಎಲ್ಲಿ ಮೆರೆಯುತ್ತಿದ್ದಾಳೆ? ಆ ಬುಧವಾರ ಅವಳು ಮೊದಲ ಬಾರಿ ಕೂಟದಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿದಳು. "ಕರ್ತನೇ, ಆ ಮಗಳಿಗೆ ಬುದ್ಧಿ ಕೊಡು. ಅವಳ ಕಲ್ಲು ಮನಸ್ಸು ಕರಗಿಸು. ತಡ ಆಗೋಕೆ ಮುಂಚೆ ಅವಳನ್ನ ಅಲ್ಲಿಗೆ ಕರಕೊಂಡು ಹೋಗು."

ಕಣ್ಣು ಬಿಟ್ಟಾಗ ಮೆಕ್ಯಾನಿಕ್ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನು ನೋಟ ತಿರುಗಿಸಲಿಲ್ಲ. ಅವಳು ತಿರುಗಿಸಿದಳು.

ಅದಾಗಿ ಸ್ವಲ್ಪ ದಿನಕ್ಕೆ ತಾತನ ಕನ್ನಡಕ ಕೆಳಗೆ ಬಿದ್ದು ಒಡೆಯಿತು. ಡಾಕ್ಟರ್ ಬರೆದ ಪವರ್ ಚೀಟಿಯನ್ನು ಮೆಕ್ಯಾನಿಕ್ ತಂದುಕೊಟ್ಟ. ಅದು ದಪ್ಪ ಗಾಜಿನ ಪವರು. ಕನ್ನಡಕವಿಲ್ಲದೆ ಆ ಮನುಷ್ಯನಿಗೆ ಎದುರಿಗಿರುವವರ ಮುಖವೂ ಮಸುಕು. ಎರಡು ಕಣ್ಣುಗಳ ನಡುವಿನ ಅಂತರವನ್ನು ಎದುರು ಕೂತೇ ಅಳೆಯಬೇಕು ಎಂದು ಅವಳೇ ಅಳತೆಪಟ್ಟಿ ತೆಗೆದುಕೊಂಡು ಹೊರಟಳು. ಹೋಗುವಾಗ ಹೊಸ ದುಪಟ್ಟಾ ಹಾಕಿಕೊಂಡಳು. ಅದು ಯಾರಿಗಾಗಿ ಎಂದು ದೊಡ್ಡಮ್ಮ ಕೇಳಲಿಲ್ಲ, ಸುಮ್ಮನೆ ಕೆಮ್ಮಿದಳು.

ಡಯಾಲಿಸಿಸ್ ವಾರ್ಡಿನಲ್ಲಿ ಮೆಷಿನ್ನಿಗೆ ಕೈ ಒಡ್ಡಿ ಮಲಗಿದ್ದ ಮನುಷ್ಯ ಹೆಜ್ಜೆ ಸದ್ದಿಗೆ ತಲೆ ತಿರುಗಿಸಿದ. "ನಿಧಾನಕ್ಕೆ ಅಳತೆ ತಗೊಳ್ಳಮ್ಮ. ನನ್ನ ಕಣ್ಣು ಎಲ್ಲಿಗೂ ಓಡಿಹೋಗಲ್ಲ," ಎಂದು ತಾನೇ ನಕ್ಕ.

ಅವಳು ಬಗ್ಗಿ ಮೂಗಿನ ಮೇಲೆ ಪಟ್ಟಿ ಇಟ್ಟಳು. ಕೆನ್ನೆ ಬತ್ತಿತ್ತು, ಕೂದಲು ಉದುರಿತ್ತು. ಆದರೆ ಎಡಗಡೆಯ ಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಗೆರೆ ಹಾಗೆಯೇ ಇತ್ತು. ಚಿಕ್ಕಂದಿನಲ್ಲಿ ಆ ಗೆರೆಯ ಮೇಲೆ ಬೆರಳಾಡಿಸುತ್ತ ಅವಳು ನಿದ್ದೆ ಹೋಗುತ್ತಿದ್ದಳು.

ಅವಳು ಅಳತೆ ತೆಗೆದುಕೊಂಡಳು. ಹೇಗೆ ತೆಗೆದುಕೊಂಡಳೋ ಅವಳಿಗೇ ತಿಳಿಯದು. ಪಟ್ಟಿ ಸುತ್ತಿಕೊಂಡು ಹೊರಗೆ ಬಂದಳು. ಮೆಕ್ಯಾನಿಕ್ ಕಾರಿಡಾರಿನಲ್ಲಿ ಕಾಯುತ್ತಿದ್ದ.

"ನಿಮಗೆ ಗೊತ್ತಿತ್ತು," ಎಂದಳು.

"ಏನು?"

"ದೊಡ್ಡಮ್ಮ ಹೇಳಿಕೊಟ್ಟಿದ್ದು ತಾನೇ? ಇಬ್ಬರೂ ಸೇರಿ ನಾಟಕ ಆಡಿದ್ರಿ. ನನ್ನ ಬಾಯಿಂದಲೇ ನನಗೆ ಬುದ್ಧಿ ಕೊಡು ಅಂತ ಕೇಳಿಸಿದ್ರಿ."

ಅವನು ಅವಳನ್ನೂ ವಾರ್ಡಿನ ಬಾಗಿಲನ್ನೂ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖದ ಬಣ್ಣವೇ ಇಳಿದುಹೋಯಿತು.

"ನನಗೆ ಗೊತ್ತಿರಲಿಲ್ಲ," ಎಂದ. "ಗೊತ್ತಿದ್ದಿದ್ರೆ ಹೀಗೆ ಕರಕೊಂಡು ಬರ್ತಿರಲಿಲ್ಲ."

"ನಿಮ್ಮ ದೇವರಿಗಾದ್ರೂ ಗೊತ್ತಿತ್ತಲ್ಲ," ಎಂದು ಅವಳು ಮೆಟ್ಟಿಲಿಳಿದು ಹೋದಳು.

ಮನೆಗೆ ಬಂದು ದೊಡ್ಡಮ್ಮನ ಮೇಲೆ ಹಾಯ್ದಳು. ದೊಡ್ಡಮ್ಮ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಕೂತುಬಿಟ್ಟಳು. ಆ ಮನುಷ್ಯ ಇದೇ ಊರಿನಲ್ಲಿದ್ದಾನೆ ಎಂಬುದು ಅವಳಿಗೂ ಹೊಸ ಸುದ್ದಿ.

"ಬದುಕಿದ್ದಾನಾ?" ಎಂದು ಕೇಳಿದಳು, ಮೆಲ್ಲಗೆ. ಆಮೇಲೆ, "ಊಟ ಸೇರುತ್ತಂತಾ?"

"ನೀನು ಯಾಕೆ ಕೇಳ್ತೀಯಾ ಅದನ್ನ?"

"ನಾನು ದಿನಾ ಅವನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ ಪುಟ್ಟಿ. ನಿನಗೆ ಹೇಳಿರಲಿಲ್ಲ. ಮೊದಲು ಅವನ ಕಾಲು ಮುರೀಲಿ ಅಂತ ಕೇಳ್ತಿದ್ದೆ, ಸುಳ್ಳು ಯಾಕೆ ಹೇಳಲಿ. ತಂಗಿ ಮಗಳನ್ನ ಬಿಟ್ಟು ಹೋದವನು. ಆದ್ರೆ ಒಬ್ಬರ ಹೆಸರು ಹಿಡಿದು ದೇವರ ಮುಂದೆ ದಿನಾ ನಿಂತ್ರೆ ಏನಾಗುತ್ತೆ ಗೊತ್ತಾ? ಬೈಯೋಕೆ ಮಾತು ಮುಗಿದುಹೋಗುತ್ತೆ. ಒಂದಿನ ಅವನು ಉಂಡನೋ ಇಲ್ವೋ ಅಂತ ಯೋಚನೆ ಬಂತು. ನನಗೇ ನನ್ನ ಮೇಲೆ ರೇಗಿಹೋಯ್ತು. ಅವನು ಬದಲಾದನೋ ಇಲ್ವೋ, ನನ್ನನ್ನಂತೂ ಹಿಂಡಿ ಹಾಕಿಬಿಟ್ಟ ದೇವರು."

"ನಾನು ಮಾಡಲ್ಲ. ಇನ್ನು ಮೇಲೆ ಅವರಿಗೋಸ್ಕರ ಒಂದು ಮಾತೂ ಕೇಳಲ್ಲ."

"ಬೇಡ ಬಿಡು. ನಿನ್ನ ಇಷ್ಟ."

ಹಾಗೆ ಹೇಳಿದ್ದೇ ತಪ್ಪಾಯಿತು. ಯಾರಾದರೂ ಬಲವಂತ ಮಾಡಿದ್ದರೆ ಜಗಳವಾಡಬಹುದಿತ್ತು. ಮರುದಿನ ಲೆನ್ಸ್ ಕತ್ತರಿಸಲು ಕೂತರೆ ಬಾಯಿ ತಾನಾಗಿಯೇ "ಕರ್ತನೇ, ಆ ಮುದುಕ" ಎಂದು ಶುರುಮಾಡಿತು. ಅವಳು ಹಲ್ಲು ಕಚ್ಚಿ ನಿಲ್ಲಿಸಿದಳು. ನೀರು ಕುಡಿಯಲು ಲೋಟ ಎತ್ತಿದಳು, ಹಾಗೆಯೇ ಕೆಳಗಿಟ್ಟಳು. ದ್ವೇಷಿಸಬೇಕಾದವನು ಒಬ್ಬ, ಸೂಜಿಗೆ ಹೆದರುವವನು ಇನ್ನೊಬ್ಬ ಎಂದು ಬೇರೆ ಮಾಡಲು ನೋಡಿದಳು. ಆಗಲಿಲ್ಲ. ಕೊನೆಗೆ, "ಏನು ಮಾಡ್ತೀಯೋ ಮಾಡ್ಕೋ, ನನಗೆ ಸಾಕಾಯ್ತು" ಎಂದು ಮೆಷಿನ್ ಮುಂದೆಯೇ ಜೋರಾಗಿ ಅಂದಳು. ಅಂಗಡಿಯ ಯಜಮಾನ ತನಗೇ ಅಂದಳೆಂದು ಗಾಬರಿಯಾಗಿ ಹೊರಗೆ ಹೋದ.

ಮೆಕ್ಯಾನಿಕ್ ಅಂಗಡಿ ಕಡೆ ಸುಳಿಯಲಿಲ್ಲ. ಬುಧವಾರವೂ ಬರಲಿಲ್ಲ. ಬಂದಿದ್ದರೆ ಬೈಯಬಹುದಿತ್ತು ಎಂದು ಅವಳಿಗೆ ಸಂಕಟವಾಯಿತು.

ಕನ್ನಡಕ ಸಿದ್ಧವಾದ ದಿನ ಅವಳೇ ತೆಗೆದುಕೊಂಡು ಹೋದಳು. ಆ ಮುಖಕ್ಕೆ ಕನ್ನಡಕ ಏರಿಸಿದಳು. ದಪ್ಪ ಗಾಜಿನ ಹಿಂದೆ ಕಣ್ಣುಗಳು ಅಲೆದಾಡಿ, ಅವಳ ಮುಖದ ಮೇಲೆ ಬಂದು ನಿಂತವು. ಬಹಳ ಹೊತ್ತು ನಿಂತವು. ಅವಳು ಅಮ್ಮನ ಪಡಿಯಚ್ಚು ಎಂದು ಎಲ್ಲರೂ ಹೇಳುತ್ತಿದ್ದರು.

"ಕಿವಿ ಹತ್ತಿರ ಬಿಗಿ ಆಗ್ತಿದೆಯಾ?" ಎಂದು ಅವಳೇ ಕೇಳಿದಳು. ದನಿ ಒರಟಾಗಿತ್ತು.

"ಸ್ವಲ್ಪ," ಎಂದ ತಂದೆ.

ಅವಳು ಕನ್ನಡಕ ತೆಗೆದು ಕಡ್ಡಿಯನ್ನು ಬಗ್ಗಿಸಿ ಮತ್ತೆ ಹಾಕಿದಳು. "ಈಗ?"

"ಈಗ ಸರಿಯಾಗಿದೆ."

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತಮ್ಮ. ಅದನ್ನ ಕೇಳೋ ಯೋಗ್ಯತೆ ನನಗಿಲ್ಲ."

"ಆದ್ರೂ ಶುಕ್ರವಾರ ಬರ್ತೀನಿ. ದೊಡ್ಡಮ್ಮನೂ ಬರ್ತಾಳಂತೆ. ಅವಳು ಬೈದ್ರೆ ಬೈಸಿಕೊಳ್ಳಿ."

ತಂದೆ ತಲೆಯಾಡಿಸಿದ. ಕಣ್ಣು ಒರೆಸಿಕೊಳ್ಳಲು ಮತ್ತೆ ಕನ್ನಡಕ ತೆಗೆಯಬೇಕಾಯಿತು. ಈ ಸಲ ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಕಾದಳು.

ಹೊರಗೆ ಬಂದರೆ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಮೆಕ್ಯಾನಿಕ್ ಮಂಡಿಯೂರಿ ಬಟನ್ ಫಲಕದ ತಿರುಪು ಬಿಗಿಯುತ್ತಿದ್ದ. ಅವಳನ್ನು ಕಂಡು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದ.

"ಎಲ್ಲಿ ಸತ್ತುಹೋಗಿದ್ರಿ?" ಎಂದು ಕೇಳಿದಳು. ಕೇಳಬೇಕೆಂದಿದ್ದದ್ದು ಕ್ಷಮೆ.

"ನಿಮಗೆ ನನ್ನ ಮುಖ ನೋಡೋಕೆ ಕಷ್ಟ ಆಗಬಹುದು ಅಂತ..."

"ಅದನ್ನ ನನ್ನ ಕೇಳಬೇಕಿತ್ತು. ಎಲ್ಲಾ ದೇವರನ್ನೇ ಕೇಳ್ತೀರಲ್ಲ ನೀವು. ನಾನು ಅವತ್ತು ಅಂದಿದ್ದು ತಪ್ಪು. ನಿಮಗೆ ಗೊತ್ತಿರಲಿಲ್ಲ ಅಂತ ಮೆಟ್ಟಿಲಿಳಿಯೋ ಹೊತ್ತಿಗೇ ಗೊತ್ತಾಯ್ತು. ವಾಪಸ್ ಹತ್ತಿ ಬರೋಕೆ ಹಠ ಬಿಡಲಿಲ್ಲ. ನನಗೋಸ್ಕರ ಪ್ರಾರ್ಥನೆನಾದ್ರೂ ಮಾಡ್ತಿದ್ರೋ ಇಲ್ವೋ?"

"ಇಲ್ಲ. ನಿಲ್ಲಿಸಿಬಿಟ್ಟೆ."

"ಯಾಕೆ?"

ಅವನು ಕೈಯಲ್ಲಿದ್ದ ಚಿಂದಿಬಟ್ಟೆಯಿಂದ ಬೆರಳು ಒಂದೊಂದನ್ನೇ ಒರೆಸಿಕೊಂಡ. "ಅದು ಪ್ರಾರ್ಥನೆ ಆಗಿ ಉಳಿದಿರಲಿಲ್ಲ. ಅವರಿಗೆ ಒಳ್ಳೇದು ಮಾಡು ಅಂತ ಶುರು ಮಾಡ್ತೀನಿ. ಅವರು ನನಗೇ ಸಿಗಲಿ ಅಂತ ಮುಗಿಯುತ್ತೆ. ಇನ್ನೊಬ್ಬರಿಗೋಸ್ಕರ ಬೇಡೋದು ಅಂದ್ರೆ ಅದಲ್ಲ ಅಲ್ವಾ? ನಾಚಿಕೆ ಆಯ್ತು."

ಅವಳು ಅವನನ್ನೇ ನೋಡಿದಳು. ಕಿವಿಯ ತುದಿಯವರೆಗೂ ಕೆಂಪಾಗಿ ನಿಂತಿದ್ದ ಈ ಮನುಷ್ಯ ಇಷ್ಟು ದಿನ ತನ್ನ ಜೀವ ತಿಂದದ್ದು ಸಾಲದೆಂದು ಈಗ ಇದನ್ನು ಒಂದು ಪಾಪ ಮಾಡಿದವನ ಹಾಗೆ ಒಪ್ಪಿಸುತ್ತಿದ್ದಾನೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಅವಳು ಸಿಟ್ಟಿನಲ್ಲಿ ನುಂಗಿಕೊಂಡಳು.

"ಮಹರಾಯ, ನನಗೆ ಹೇಳೋದು ಬಿಟ್ಟು ದೇವರಿಗೆ ಹೇಳಿದ್ದೀರಲ್ಲ. ನಾನು ದಿನಾ ಎದ್ದು ಬೀದಿ ನೋಡ್ತಿದ್ದದ್ದು ಕಾಣಿಸಲಿಲ್ವಾ?"

"ಅದು ತಾತನ ಸುದ್ದಿಗೆ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು.

ಲಿಫ್ಟಿನ ಬಾಗಿಲು ತಾನಾಗಿಯೇ ಮುಚ್ಚಲು ಬಂದು, ಅವಳ ಕಾಲು ಅಡ್ಡವಿದ್ದುದರಿಂದ ಮತ್ತೆ ತೆರೆದುಕೊಂಡಿತು. ಅವಳು ಕೈ ಚಾಚಿ ಅವನ ಕೈ ಹಿಡಿದಳು. ಅದು ಬೆಚ್ಚಗಿತ್ತು, ಸ್ವಲ್ಪ ಜಿಡ್ಡಾಗಿತ್ತು.

"ನೋಡಿ, ಕೆಲಸ ಹಂಚಿಕೊಳ್ಳೋಣ," ಎಂದಳು. "ಮದುವೆಗೆ ದೊಡ್ಡಮ್ಮನನ್ನ ನೀವು ಕೇಳಿ. ಅವಳಿಗೆ ನೀವಂದ್ರೆ ಪ್ರಾಣ."

"ನೀವು?"

ಅವಳು ಡಯಾಲಿಸಿಸ್ ವಾರ್ಡಿನ ಕಡೆ ತಿರುಗಿ ನೋಡಿದಳು. ಬಾಗಿಲ ಗಾಜಿನಾಚೆ ನರ್ಸಿಗೆ ಏನೋ ಹೇಳುತ್ತ, ತಾನೇ ಮೊದಲು ನಗುತ್ತಿದ್ದ ಆ ಮನುಷ್ಯ ಕಾಣುತ್ತಿದ್ದ.

"ನಾನು ಅಪ್ಪನ್ನ ಕೇಳ್ತೀನಿ," ಎಂದಳು.